ಗೇರ್ ಯಾವುದೆಂದು ಗೇರ್‌ಬಾಕ್ಸನ್ನೇ ಕೇಳಿ: ಡ್ಯಾಶ್‌ಬೋರ್ಡಿನ ಗೇರ್ ದೀಪಗಳ ವೈರಿಂಗ್

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಈ ಹೊತ್ತಿನ ಮಾತು ಒಂದು ಸಣ್ಣ ದೀಪದ ಬಗ್ಗೆ. ನಾವೇ ಕಟ್ಟಿಕೊಂಡ ಕಾರಿನಲ್ಲಿ ಈಗ ಯಾವ ಗೇರ್ ಬಿದ್ದಿದೆ ಎಂದು ಡ್ಯಾಶ್‌ಬೋರ್ಡಿನಲ್ಲಿ ತೋರಿಸುವ ದೀಪ. ಕಾರು ಕಟ್ಟುವವರು ಇದನ್ನು ಕೊನೆಯ ವಾರಕ್ಕೆ ಬಿಡುತ್ತಾರೆ. ಆಗ ಉಳಿದಿರುವುದು ಒಂದಿಷ್ಟು ತುಂಡು ವೈರು, ಎಲ್ಲಿಂದಲೋ ಕಿತ್ತ ಎಲ್‌ಇಡಿ. ಅದರಲ್ಲೇ ಏನೋ ಒಂದು ಜೋಡಿಸಿದರೆ ಗ್ಯಾರೇಜಿನಲ್ಲಿ ಚೆನ್ನಾಗಿಯೇ ಉರಿಯುತ್ತದೆ, ಟ್ರ್ಯಾಕಿಗೆ ಇಳಿದ ಮೇಲೆ ಸುಳ್ಳು ಹೇಳಲು ಶುರುಮಾಡುತ್ತದೆ.

ಉದಾಹರಣೆಗೆ ಒಂದೇ ಬಗೆಯ ಕಾರನ್ನು ಹಿಡಿದುಕೊಳ್ಳೋಣ: ಬೈಕಿನ ಎಂಜಿನ್ ಕೂರಿಸಿದ ಒಂಟಿ ಸೀಟಿನ ಕಾರು. ಫಾರ್ಮುಲಾ ಭಾರತ್, ಸುಪ್ರಾ ಎಸ್‌ಎಇ ಇಂಡಿಯಾ ಸ್ಪರ್ಧೆಗಳಿಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ತಂಡಗಳು ಕಟ್ಟುವುದು ಇಂಥದ್ದನ್ನೇ. ಕೆಟಿಎಂ 390 ಡ್ಯೂಕಿನ 373 ಸಿಸಿ ಎಂಜಿನ್ ಈ ಕಾರುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಎಂಜಿನ್, ಕ್ಲಚ್, ಆರು ಗೇರ್ ಎಲ್ಲ ಒಂದೇ ಕೇಸಿಂಗಿನೊಳಗೆ. ಗೇರ್ ಬದಲಿಸುವುದು ಸರದಿಯಲ್ಲಿ. ಮೂರರಿಂದ ಐದಕ್ಕೆ ಹಾರಲಾಗದು.

ಮಾಮೂಲಿ ಕಾರಿನಲ್ಲಿ ಗೇರ್ ಲಿವರ್ ಎಲ್ಲಿದೆ ಎಂಬುದೇ ಗೇರ್ ಯಾವುದೆಂದು ಹೇಳುತ್ತದೆ, ಕೈಗೆ ಗೊತ್ತಾಗುತ್ತದೆ. ಇಲ್ಲಿ ಹಾಗಿಲ್ಲ. ಲಿವರ್ ಎಳೆದು ಬಿಟ್ಟರೆ ಮತ್ತೆ ನಡುವಿಗೇ ಬಂದು ನಿಲ್ಲುತ್ತದೆ. ಚಾಲಕ ಲೆಕ್ಕ ಇಟ್ಟುಕೊಳ್ಳಬೇಕು, ಇಲ್ಲವೇ ದೀಪ ನೋಡಬೇಕು. ಬ್ರೇಕ್ ಒತ್ತಿ ತಿರುವಿಗೆ ಬರುವಾಗ ಮೂರರಲ್ಲಿದ್ದೇನೆಂದು ನಂಬಿ, ನಿಜಕ್ಕೂ ಎರಡರಲ್ಲಿದ್ದು, ಇನ್ನೊಂದು ಗೇರ್ ಇಳಿಸಿದರೆ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆ, ಎಂಜಿನ್ ಮಿತಿ ಮೀರಿ ಸುತ್ತುತ್ತದೆ. ಆದ್ದರಿಂದ ನಮ್ಮ ಒಂದೇ ನಿಯಮ: ದೀಪ ನಿಜ ಹೇಳಬೇಕು, ಗೊತ್ತಿಲ್ಲದಿದ್ದರೆ ಆರಿರಬೇಕು. ತಪ್ಪು ಅಂಕಿಗಿಂತ ಖಾಲಿ ಪರದೆ ಸಾವಿರ ಪಾಲು ಮೇಲು. ಮುಂದೆ ಹೇಳುವ ಪ್ರತಿಯೊಂದು ರೆಸಿಸ್ಟರಿನ ಓಮ್ ಬೆಲೆ, ವೈರಿನ ದಾರಿ ಈ ನಿಯಮದಿಂದಲೇ ಬಂದದ್ದು.

ಗೇರ್ ಎಲ್ಲಿದೆ ಎಂದು ಯಾರನ್ನು ಕೇಳಬೇಕು? ಲಿವರನ್ನಲ್ಲ. ಲಿವರಿಗೆ ಮೈಕ್ರೊಸ್ವಿಚ್ ಕಟ್ಟಿ, ಮೇಲೆ ಎಷ್ಟು ಸಲ, ಕೆಳಗೆ ಎಷ್ಟು ಸಲ ಎಂದು ಎಣಿಸುವ ಸರ್ಕ್ಯೂಟುಗಳನ್ನು ಕೆಲವರು ಮಾಡುತ್ತಾರೆ. ಅದು ಬೇಡ. ಲಿವರ್ ಎಳೆದಾಗಲೆಲ್ಲ ಗೇರ್ ಬೀಳುತ್ತದೆ ಎಂಬ ಖಾತ್ರಿಯಿಲ್ಲ. ಒಂದು ಸಲ ತಪ್ಪಿದರೆ ಅಲ್ಲಿಂದ ಮುಂದಿನ ಎಲ್ಲ ಅಂಕಿಯೂ ತಪ್ಪು. ಕೇಳಬೇಕಾದದ್ದು ಗೇರ್‌ಬಾಕ್ಸಿನೊಳಗಿನ ಶಿಫ್ಟ್ ಡ್ರಮ್ಮನ್ನು. ಮೈಮೇಲೆ ಓರೆಯಾದ ಕಾಲುವೆಗಳನ್ನು ಕೊರೆದ ಉರುಳೆ ಅದು. ತಿರುಗಿದಾಗ ಆ ಕಾಲುವೆಗಳಲ್ಲಿ ಕೂತ ಫೋರ್ಕುಗಳು ಅತ್ತಿತ್ತ ಸರಿದು ಗೇರ್ ಬೀಳುತ್ತದೆ. ಆರು ಗೇರಿನ ಬೈಕುಗಳಲ್ಲಿ ಸಾಮಾನ್ಯವಾಗಿ ಒಂದು ಗೇರಿನಿಂದ ಇನ್ನೊಂದಕ್ಕೆ ಡ್ರಮ್ 60 ಡಿಗ್ರಿ ತಿರುಗುತ್ತದೆ. ನ್ಯೂಟ್ರಲ್ ಇರುವುದು ಒಂದು ಮತ್ತು ಎರಡರ ನಡುವೆ, 30 ಡಿಗ್ರಿಯಲ್ಲಿ, ಅದಕ್ಕೆ ಆಳವಿಲ್ಲದ ಸಣ್ಣ ಕಚ್ಚು. ಈ 30 ಡಿಗ್ರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡ್ರಮ್ಮಿನ ತುದಿಯಲ್ಲಿ ಎಂಜಿನ್ ಕಂಪನಿಯೇ ಏನಾದರೊಂದು ಸೆನ್ಸರ್ ಇಟ್ಟಿರುತ್ತದೆ. ನಾಲ್ಕು ಬಗೆಯವು ಸಿಗುತ್ತವೆ. ಮೊದಲನೆಯದು ಬರೀ ನ್ಯೂಟ್ರಲ್ ಸ್ವಿಚ್: ಒಂದೇ ವೈರ್, ನ್ಯೂಟ್ರಲಿನಲ್ಲಿ ಮಾತ್ರ ಅದು ಎಂಜಿನ್ ಕೇಸಿಂಗಿಗೆ ಅರ್ತ್ ಆಗುತ್ತದೆ. ಎರಡನೆಯದು ಪ್ರತಿ ಗೇರಿಗೂ ಒಂದೊಂದು ವೈರ್ ಇರುವ ಕಾಂಟ್ಯಾಕ್ಟ್ ಸ್ವಿಚ್. ಮೂರನೆಯದರ ಒಳಗೇ ರೆಸಿಸ್ಟರುಗಳಿರುತ್ತವೆ, ಹೊರಗೆ ಬರುವುದು ಒಂದೋ ಎರಡೋ ವೈರ್, ಗೇರ್ ಬದಲಾದಂತೆ ಓಮ್ ಬದಲಾಗುತ್ತದೆ. ನಾಲ್ಕನೆಯದು ಮೂರು ವೈರಿನದು: 5 ವೋಲ್ಟ್, ಅರ್ತ್, ಸಿಗ್ನಲ್. ಅದರೊಳಗೆ ತಿರುಗಿದಂತೆ ಓಮ್ ಬದಲಾಗುವ ಪೊಟೆನ್ಶಿಯೊಮೀಟರ್ ಇರಬಹುದು, ಅಯಸ್ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಇರಬಹುದು.

ನಿಮ್ಮದು ಯಾವ ಬಗೆ ಎಂದು ತಿಳಿಯಲು ಅಂತರ್ಜಾಲದ ವೈರಿಂಗ್ ಚಿತ್ರ ನೆಚ್ಚಬೇಡಿ. ವರ್ಷದಿಂದ ವರ್ಷಕ್ಕೆ ಕನೆಕ್ಟರ್ ಬದಲಾಗುತ್ತದೆ, ಬಣ್ಣ ಬದಲಾಗುತ್ತದೆ. ಮಲ್ಟಿಮೀಟರ್ ತಗೊಂಡು ನೀವೇ ನೋಡಿ. ಇಗ್ನಿಷನ್ ಆಫ್ ಮಾಡಿ, ಸೆನ್ಸರಿನ ಕನೆಕ್ಟರ್ ಬಿಚ್ಚಿ, ಕಾರಿನ ಹಿಂಭಾಗವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಮೀಟರಿನ ಕಪ್ಪು ವೈರನ್ನು ಕೇಸಿಂಗಿನ ಬಣ್ಣವಿಲ್ಲದ ಬೋಲ್ಟಿಗೆ ಹಿಡಿದು, ಕೆಂಪನ್ನು ಒಂದೊಂದೇ ಪಿನ್ನಿಗೆ ತಾಗಿಸುತ್ತ ಗೇರ್ ಬದಲಿಸಿ. ಒಬ್ಬರು ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಲೇ ಇರಬೇಕು. ಶಾಫ್ಟ್ ತಿರುಗದೆ ಹಲ್ಲುಗಳು ಎದುರಾ ಎದುರಾಗಿ ನಿಂತರೆ ಗೇರ್ ಪೂರ್ತಿ ಬೀಳುವುದಿಲ್ಲ. ಆಗ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಒಳ್ಳೆಯದನ್ನೇ ಕಿತ್ತೆಸೆಯುವವರಿದ್ದಾರೆ.

ಒಂದೊಂದು ಗೇರಿಗೆ ಒಂದೊಂದು ಪಿನ್ ಬೀಪ್ ಅಂದರೆ ಎರಡನೆಯ ಬಗೆ. ಒಂದೇ ಪಿನ್ನಿನಲ್ಲಿ ಗೇರಿಗೊಂದು ಓಮ್ ಬಂದರೆ ಮೂರನೆಯದು. ಮೂರು ಪಿನ್ ಇದ್ದು, ಯಾವುದೋ ಎರಡರ ನಡುವೆ ಗೇರ್ ಯಾವುದಾದರೂ ಒಂದೇ ಓಮ್ ಬಂದು, ಮೂರನೆಯ ಪಿನ್ನಿಗೆ ಬದಲಾಗುತ್ತಿದ್ದರೆ ಪೊಟೆನ್ಶಿಯೊಮೀಟರ್. ಹಾಲ್ ಸೆನ್ಸರಾದರೆ ಓಮ್ ಅಳತೆಯಿಂದ ಏನೂ ತಿಳಿಯದು, 5 ವೋಲ್ಟ್ ಕೊಟ್ಟು ಸಿಗ್ನಲಿನ ವೋಲ್ಟೇಜನ್ನೇ ನೋಡಬೇಕು. 5 ವೋಲ್ಟಿನ ಪಿನ್ನಿಗೆ 12 ಕೊಟ್ಟರೆ ಸೆನ್ಸರ್ ಅಲ್ಲಿಗೇ ಮುಗಿಯಿತು.

ಒಂದು ಎಚ್ಚರಿಕೆ. ಕಾಂಟ್ಯಾಕ್ಟ್ ಬಗೆಯ ಸೆನ್ಸರ್ ಬಿಚ್ಚುವಾಗ ಕೆಳಗೊಂದು ಬಟ್ಟೆ ಹಾಸಿ. ಡ್ರಮ್ಮಿನ ತುದಿಯ ತೂತಿನಲ್ಲಿ ಪುಟ್ಟ ಪಿನ್ನು, ಅದರ ಹಿಂದೆ ಪುಟ್ಟ ಸ್ಪ್ರಿಂಗು ಇರುತ್ತವೆ. ಮುಚ್ಚಳ ಎಳೆದ ಕೂಡಲೇ ಎಣ್ಣೆಯ ಜೊತೆ ಜಾರಿ ಬೀಳುತ್ತವೆ. ಸ್ಪ್ರಿಂಗ್ ಇಲ್ಲದೆ ಮುಚ್ಚಿದರೆ ದೀಪ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ. ಓ ರಿಂಗ್ ಚಪ್ಪಟೆಯಾಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಎಂಜಿನ್ ಆಯಿಲ್ ವೈರಿನ ಗುಂಟ ಕನೆಕ್ಟರಿನವರೆಗೂ ಬರುತ್ತದೆ.

ಈಗ ದೀಪ. ಕಾಂಟ್ಯಾಕ್ಟ್ ಸ್ವಿಚ್ ಇದ್ದರೆ ಅತಿ ಸರಳ ದಾರಿ ಏಳು ಎಲ್‌ಇಡಿ: ಆರು ಗೇರಿಗೆ ಆರು, ನ್ಯೂಟ್ರಲಿಗೆ ಹಸಿರು. ಪ್ರತಿಯೊಂದರ ಪಾಸಿಟಿವ್ ಕಾಲಿಗೆ ಫ್ಯೂಸ್ ದಾಟಿ ಬಂದ 12 ವೋಲ್ಟ್, ನೆಗೆಟಿವ್ ಕಾಲು ರೆಸಿಸ್ಟರ್ ದಾಟಿ ಸೆನ್ಸರಿನ ವೈರಿಗೆ. ಇಲ್ಲಿ 12 ವೋಲ್ಟ್ ಎಂಬುದು ಬರೀ ಹೆಸರು. ಎಂಜಿನ್ ಓಡುತ್ತಿರುವಾಗ 14.4 ವೋಲ್ಟಿನವರೆಗೂ ಏರುತ್ತದೆ, ಲೆಕ್ಕ ಅದಕ್ಕೇ ಹಾಕಬೇಕು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 12.4 ವೋಲ್ಟಿಗೆ 10 ಮಿಲಿಆಂಪ್ ಹರಿಯಬೇಕಾದರೆ 1,240 ಓಮ್. ಅಂಗಡಿಯಲ್ಲಿ ಸಿಗುವುದು 1.2 ಕಿಲೋ ಓಮ್. ಅದರಲ್ಲಿ ಸುಡುವ ಶಕ್ತಿ ಸುಮಾರು 0.13 ವ್ಯಾಟ್, ಹಾಗಾಗಿ ಕಾಲು ವ್ಯಾಟಿನದು ಸಾಕು. ಬಿಳಿ, ನೀಲಿ, ಹೊಸ ಬಗೆಯ ಹಸಿರು ಎಲ್‌ಇಡಿಗಳು 3 ವೋಲ್ಟಿನ ಆಸುಪಾಸು ತಿನ್ನುತ್ತವೆ, ಅವಕ್ಕೆ 1 ಕಿಲೋ ಓಮ್ ಹಾಕಿ. ಏಳಕ್ಕೂ ಸೇರಿ ಒಂದೇ ರೆಸಿಸ್ಟರ್ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಸಲಕ್ಕೆ ಒಂದೇ ದೀಪ ಉರಿಯುವುದರಿಂದ ಲೆಕ್ಕಕ್ಕೆ ಸಾಲುತ್ತದೆ. ಆದರೆ ಒಂದು ವೈರ್ ಕಾರಿನ ಚಾಸಿಗೆ ತಾಗಿ ಅದರ ದೀಪ ಸದಾ ಉರಿಯತೊಡಗಿದ ದಿನ, ಕಡಿಮೆ ವೋಲ್ಟೇಜ್ ಸಾಕಾಗುವ ದೀಪ ಕರೆಂಟನ್ನೆಲ್ಲ ತಾನೇ ಎಳೆದುಕೊಂಡು ಇನ್ನೊಂದನ್ನು ಮಂಕಾಗಿಸುತ್ತದೆ. ಒಂದೊಂದಕ್ಕೆ ಒಂದೊಂದು ಇರಲಿ, ಕಾಸಿನ ಮಾತಲ್ಲ.

ಈ ಸರಳ ಸರ್ಕ್ಯೂಟಿನಲ್ಲಿ ಎಲ್ಲರೂ ಎಡವುವ ಜಾಗ ನ್ಯೂಟ್ರಲ್ ವೈರ್. ಆ ವೈರ್ ಇಸಿಯುಗೂ, ಅಂದರೆ ಎಂಜಿನ್ನನ್ನು ನಡೆಸುವ ಕಂಪ್ಯೂಟರಿಗೂ, ಹೋಗಿರುತ್ತದೆ. ಇಸಿಯು ತನ್ನ ಒಳಗಿನಿಂದ ಆ ಪಿನ್ನನ್ನು 5 ವೋಲ್ಟಿಗೆ ಎಳೆದು ಹಿಡಿದಿರುತ್ತದೆ, ನ್ಯೂಟ್ರಲಿನಲ್ಲಿ ಸ್ವಿಚ್ ಅದನ್ನು ಸೊನ್ನೆಗೆ ಇಳಿಸುತ್ತದೆ. ನೀವು ಎಲ್‌ಇಡಿಯನ್ನು ನೇರ ಅದೇ ವೈರಿಗೆ ಕಟ್ಟಿದಿರಿ ಎನ್ನಿ. ಗೇರಿನಲ್ಲಿದ್ದಾಗ ಸ್ವಿಚ್ ತೆರೆದಿರುತ್ತದೆ. ಆಗ 12 ವೋಲ್ಟು ಎಲ್‌ಇಡಿಯ ಮೂಲಕ ಇಳಿದು, ಹೋಗಲು ಬೇರೆ ದಾರಿಯಿಲ್ಲದೆ ಇಸಿಯುವಿನ ಪಿನ್ನಿಗೆ ನುಗ್ಗುತ್ತದೆ. ಗೇರಿನಲ್ಲಿದ್ದರೂ ಹಸಿರು ದೀಪ ಮಂಕಾಗಿ ಮಿನುಗುತ್ತಿದ್ದರೆ ಇದೇ ಆಗುತ್ತಿದೆ ಎಂದು ತಿಳಿಯಿರಿ. ಪಿನ್ ಸುಡಬಹುದು, ಇಲ್ಲವೇ ಇಸಿಯು ನ್ಯೂಟ್ರಲನ್ನು ತಪ್ಪಾಗಿ ಓದಬಹುದು. ಪರಿಹಾರ ಒಂದು 1ಎನ್4148 ಡಯೋಡ್, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ. ಇಸಿಯುಗೆ ಹೋಗುವ ಕವಲಿನಲ್ಲಿ, ಕಪ್ಪು ಪಟ್ಟಿಯ ತುದಿ ಸ್ವಿಚ್ ಕಡೆಗೆ, ಇನ್ನೊಂದು ತುದಿ ಇಸಿಯು ಕಡೆಗೆ ಬರುವಂತೆ ಹಾಕಿ. 12 ವೋಲ್ಟು ಇಸಿಯು ಕಡೆ ಹೋಗಲಾರದು. ನ್ಯೂಟ್ರಲಿನಲ್ಲಿ ಇಸಿಯು ಸೊನ್ನೆಯ ಬದಲು ಸುಮಾರು 0.6 ವೋಲ್ಟ್ ಕಾಣುತ್ತದೆ, ಸ್ವಿಚ್ ಹಾಕಿದೆ ಎಂದು ಓದಲು ಸಾಮಾನ್ಯವಾಗಿ ಅಷ್ಟು ಸಾಕು.

ಏಳು ದೀಪದ ಸಾಲು ಬೇಡ, ಒಂದೇ ದೊಡ್ಡ ಅಂಕಿ ಬೇಕು ಎನ್ನುವವರಿಗೆ ಏಳು ಗೆರೆಗಳಲ್ಲಿ ಅಂಕಿ ಮೂಡಿಸುವ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ ಮತ್ತು ನಾವೇ ಪ್ರೋಗ್ರಾಮ್ ಬರೆದು ತುಂಬುವ ಸಣ್ಣ ಬೋರ್ಡು ಆರ್ಡುಯಿನೊ ನ್ಯಾನೊ. ಎರಡೂ ಬೆಂಗಳೂರಿನ ಎಸ್‌ಪಿ ರೋಡಿನ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತವೆ. ಗೇರ್ ಸ್ವಿಚ್ಚಿನ ಆರು ವೈರನ್ನೂ ಡ್ಯಾಶ್‌ಬೋರ್ಡಿಗೆ ಎಳೆಯುವ ಬದಲು, ರೆಸಿಸ್ಟರ್ ಏಣಿ ಕಟ್ಟಿ ಒಂದೇ ವೈರಿನಲ್ಲಿ ತರಬಹುದು. ಸ್ವಿಚ್ಚಿನ ಪ್ರತಿ ಗೇರ್ ವೈರಿಗೆ ಒಂದು ರೆಸಿಸ್ಟರ್, ಇನ್ನೊಂದು ತುದಿಗಳೆಲ್ಲ ಒಂದೇ ವೈರಿಗೆ, ಆ ವೈರನ್ನು ಡ್ಯಾಶ್‌ಬೋರ್ಡಿನಲ್ಲಿ 1 ಕಿಲೋ ಓಮ್ ಮೂಲಕ 5 ವೋಲ್ಟಿಗೆ ಎಳೆದು ಹಿಡಿಯಬೇಕು. ಬೆಲೆಗಳು ಹೀಗಿರಲಿ: ಒಂದನೇ ಗೇರಿಗೆ 220 ಓಮ್, ಎರಡಕ್ಕೆ 470, ಮೂರಕ್ಕೆ 820, ನಾಲ್ಕಕ್ಕೆ 1.5 ಕಿಲೋ, ಐದಕ್ಕೆ 2.7 ಕಿಲೋ, ಆರಕ್ಕೆ 5.6 ಕಿಲೋ. ಎಲ್ಲವೂ ಶೇಕಡಾ 1ರ ಮೆಟಲ್ ಫಿಲ್ಮ್. ಬರುವ ವೋಲ್ಟೇಜು ಕ್ರಮವಾಗಿ 0.90, 1.60, 2.25, 3.00, 3.65, 4.24. ನ್ಯಾನೊ ಇದನ್ನು 0ಯಿಂದ 1023ರ ಅಳತೆಯಲ್ಲಿ 185, 327, 461, 614, 747, 869 ಎಂದು ಓದುತ್ತದೆ.

ಗಡಿಗಳನ್ನು ಇವುಗಳ ನಟ್ಟನಡುವೆ ಹಾಕಿ. 92ರಿಂದ 256ರವರೆಗೆ ಒಂದು, 394ರವರೆಗೆ ಎರಡು, 538ರವರೆಗೆ ಮೂರು, 681ರವರೆಗೆ ನಾಲ್ಕು, 808ರವರೆಗೆ ಐದು, 946ರವರೆಗೆ ಆರು. 946ರ ಮೇಲೆ ಬಂದರೆ ಯಾವ ಕಾಂಟ್ಯಾಕ್ಟೂ ತಾಗಿಲ್ಲ, ಅಥವಾ ವೈರ್ ತುಂಡಾಗಿದೆ. 92ರ ಕೆಳಗೆ ಬಂದರೆ ವೈರ್ ಎಲ್ಲೋ ಚಾಸಿಗೆ ತಾಗಿದೆ. ಈ ಎರಡು ತುದಿಗಳನ್ನು ಯಾವ ಗೇರಿಗೂ ಕೊಡದೆ ಖಾಲಿ ಬಿಟ್ಟದ್ದು ಬೇಕೆಂದೇ. ವೈರ್ ಕೆಟ್ಟರೆ ಅಂಕಿ ಬರುವುದಿಲ್ಲ, ಅಡ್ಡಗೆರೆ ಬರುತ್ತದೆ. ಇದೇ ಕಾರಣಕ್ಕೆ ರೆಸಿಸ್ಟರುಗಳ ಸಣ್ಣ ಬೋರ್ಡನ್ನು ಡ್ಯಾಶ್‌ಬೋರ್ಡಿನ ಕಡೆ ಇಡದೆ ಎಂಜಿನ್ ಕಡೆ ಇಡಬೇಕು. ಡ್ಯಾಶ್‌ಬೋರ್ಡಿನ ಕಡೆ ಇಟ್ಟರೆ ಮೂರನೇ ಗೇರಿನ ವೈರ್ ಚಾಸಿಗೆ ಉಜ್ಜಿ ಸಿಪ್ಪೆ ಹರಿದ ದಿನ ಪರದೆಯ ಮೇಲೆ ಠಾಕುಠೀಕಾಗಿ 3 ಬರುತ್ತದೆ, ನೀವು ನಂಬುತ್ತೀರಿ. ಎಂಜಿನ್ ಕಡೆ ಎಂದರೆ ಎಂಜಿನ್ ಮೇಲೆ ಎಂದಲ್ಲ. ಅದರ ಪಕ್ಕದ ಚಾಸಿ ಪೈಪಿಗೆ, ಸೈಲೆನ್ಸರಿನ ಶಾಖ ತಾಗದ ಕಡೆ, ಎಪಾಕ್ಸಿಯಲ್ಲಿ ಮುಳುಗಿಸಿ ಕಟ್ಟಿ.

ಕಾಂಟ್ಯಾಕ್ಟುಗಳು ಆಯಿಲಿನಲ್ಲೇ ಇರುವುದರಿಂದ ಕರೆಂಟ್ ತೀರ ಕಡಿಮೆಯಾದರೆ ಎಣ್ಣೆಯ ಪೊರೆಯನ್ನು ದಾಟಿ ಸರಿಯಾಗಿ ಹರಿಯುವುದಿಲ್ಲ. ಮೇಲಿನ ಏಣಿಯಲ್ಲಿ ಆರನೇ ಗೇರಿನ ಕರೆಂಟ್ 0.76 ಮಿಲಿಆಂಪ್ ಅಷ್ಟೇ. ಐದು, ಆರರಲ್ಲಿ ಅಂಕಿ ನಡುಗಿದರೆ ಇಡೀ ಏಣಿಯನ್ನು ಕಾಲು ಭಾಗಕ್ಕೆ ಇಳಿಸಿ: 1 ಕಿಲೋ ಬದಲು 270 ಓಮ್, ಗೇರುಗಳಿಗೆ 56, 120, 220, 390, 680 ಓಮ್ ಮತ್ತು 1.5 ಕಿಲೋ. ಗಡಿಗಳನ್ನು ಬದಲಿಸಬೇಕಿಲ್ಲ. ಆರನೆಯದರ ಕರೆಂಟ್ 2.8 ಮಿಲಿಆಂಪಿಗೆ ಏರುತ್ತದೆ.

ಏಣಿಯಲ್ಲಿ ನ್ಯೂಟ್ರಲ್ ಯಾಕಿಲ್ಲ? ಅದರ ವೈರನ್ನು ಇಸಿಯು ಜೊತೆ ಹಂಚಿಕೊಂಡಿದ್ದೇವಲ್ಲ, ಅದಕ್ಕೆ. ಏಣಿಗೂ ಸೇರಿಸಿದರೆ ಇಸಿಯುವಿನ 5 ವೋಲ್ಟ್ ಏಣಿಯೊಳಗೆ ಸೋರಿ ಗೇರ್ ಅಂಕಿಯನ್ನು ಕದಲಿಸುತ್ತದೆ. ಅದಕ್ಕಿಂತ ಕೆಟ್ಟದ್ದೂ ಇದೆ: ಒಂದನೇ ಗೇರಿನಲ್ಲಿ ಏಣಿಯ ವೋಲ್ಟೇಜ್ ತಗ್ಗಿರುವುದರಿಂದ ಇಸಿಯು ಅದನ್ನೇ ನ್ಯೂಟ್ರಲ್ ಎಂದು ಓದಬಹುದು. ನ್ಯೂಟ್ರಲ್ ಬೇರೆಯೇ ಬರಲಿ. ನ್ಯಾನೊವಿನ ಒಂದು ಪಿನ್ನನ್ನು 1 ಕಿಲೋ ಮೂಲಕ 5 ವೋಲ್ಟಿಗೆ ಎಳೆದು, ಒಂದು 1ಎನ್4148 ದಾಟಿಸಿ ನ್ಯೂಟ್ರಲ್ ವೈರಿಗೆ ಕಟ್ಟಿ, ಪಟ್ಟಿ ಸ್ವಿಚ್ ಕಡೆಗೆ. ಇಸಿಯು ಕವಲಿಗೆ ಅದರದೇ ಡಯೋಡ್. ಪ್ರೋಗ್ರಾಮಿನಲ್ಲಿ ಎರಡು ಷರತ್ತು ಒಟ್ಟಿಗೆ ಸೇರಿದಾಗ ಮಾತ್ರ ನ್ಯೂಟ್ರಲ್ ತೋರಿಸಿ: ಏಣಿ ತೆರೆದಿರಬೇಕು, ನ್ಯೂಟ್ರಲ್ ಪಿನ್ ಕೆಳಗಿರಬೇಕು. ಏಣಿ 2 ಎನ್ನುತ್ತಿದ್ದು ನ್ಯೂಟ್ರಲ್ ಪಿನ್ ಸಹ ಕೆಳಗಿದ್ದರೆ ಎಲ್ಲೋ ವೈರ್ ಕೂಡಿಕೊಂಡಿದೆ, ಅಡ್ಡಗೆರೆ ತೋರಿಸಿ.

ನಾಲ್ಕನೆಯ ಬಗೆಯ ಸೆನ್ಸರ್ ಇರುವವರಿಗೆ ಏಣಿಯೇ ಬೇಡ. ಪ್ರತಿ ಗೇರಿನ ವೋಲ್ಟೇಜ್ ಅಳೆದು ಬರೆದುಕೊಂಡು, ನಡುವೆ ಗಡಿ ಹಾಕಿ. ಗೇರಿನಿಂದ ಗೇರಿಗೆ ಹೆಚ್ಚುಕಡಿಮೆ ಸಮ ಅಂತರ ಬರಬೇಕು, ಒಂದರಿಂದ ನ್ಯೂಟ್ರಲಿಗೂ ನ್ಯೂಟ್ರಲಿನಿಂದ ಎರಡಕ್ಕೂ ಮಾತ್ರ ಅದರ ಅರ್ಧ. ಹಾಗೆ ಬರದಿದ್ದರೆ ಸೆನ್ಸರ್ ಓರೆಯಾಗಿ ಕೂತಿದೆ, ಇಲ್ಲವೇ ನೀವು ಅಳೆದಾಗ ಗೇರ್ ಪೂರ್ತಿ ಬಿದ್ದಿರಲಿಲ್ಲ.

ಸಿಗ್ನಲ್ ವೈರ್ ನ್ಯಾನೊ ಒಳಗೆ ಹೋಗುವ ಮುಂಚೆ 10 ಕಿಲೋ ಓಮ್ ದಾಟಲಿ, ಆ ಪಿನ್ನಿನಿಂದ ಅರ್ತಿಗೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಇರಲಿ. ಇಗ್ನಿಷನ್ ಕಾಯಿಲಿನ ಗಲಾಟೆಯ ಬಹುಪಾಲು ಇಲ್ಲೇ ಸಾಯುತ್ತದೆ. ತಡವಾಗುವುದು ಒಂದು ಮಿಲಿಸೆಕೆಂಡಿನಷ್ಟು, ಯಾರ ಕಣ್ಣಿಗೂ ತಿಳಿಯದು.

ಪವರ್ ವಿಷಯ. ಬ್ಯಾಟರಿ ಪಾಸಿಟಿವ್‌ನಿಂದ ಇಗ್ನಿಷನ್ ಸ್ವಿಚ್ ದಾಟಿ ಬರುವ ವೈರಿಗೆ 2 ಆಂಪಿನ ಮಿನಿ ಬ್ಲೇಡ್ ಫ್ಯೂಸ್, ವೈರ್ ಹೊರಡುವ ಜಾಗದಿಂದ ಒಂದು ಗೇಣಿನೊಳಗೆ. ಫ್ಯೂಸ್ ಕಾಯುವುದು ವೈರನ್ನು, ನಿಮ್ಮ ಬೋರ್ಡನ್ನಲ್ಲ. ಬೋರ್ಡನ್ನು ಕಾಯಲು ಬೇರೆ ಇಬ್ಬರು ಬೇಕು: ಬ್ಯಾಟರಿ ಉಲ್ಟಾ ಕಟ್ಟಿದರೆ ತಡೆಯಲು 1ಎನ್4007 ಡಯೋಡ್, ಆಲ್ಟರ್ನೇಟರ್ ಕಡೆಯ ಏರು ಹೊಡೆತಕ್ಕೆ ಪಿ6ಕೆಇ20ಎ ಎಂಬ ಹೊಡೆತ ತಡೆಯುವ ಡಯೋಡ್. ಎರಡನೆಯದು 17 ವೋಲ್ಟಿನವರೆಗೆ ಸುಮ್ಮನಿದ್ದು, ಅದರ ಮೇಲೆ ಹೊಡೆತ ಬಂದರೆ ಸುಮಾರು 28ರಲ್ಲಿ ಕಟ್ಟಿ ಹಾಕುತ್ತದೆ. 12 ವೋಲ್ಟನ್ನು 5ಕ್ಕೆ ಇಳಿಸುವ 7805 ರೆಗ್ಯುಲೇಟರಿನ ಒಳಬರುವ ಮಿತಿ 35 ವೋಲ್ಟ್, ಆದ್ದರಿಂದ ಅದು ಬದುಕುತ್ತದೆ. ಅದರ ಮುಂದೆ 35 ವೋಲ್ಟಿನ 470 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಟ್ಟರೆ, ಸೆಲ್ಫ್ ಹೊಡೆದಾಗ ವೋಲ್ಟೇಜು ಕುಸಿದರೂ ಸುಮಾರು 20 ಮಿಲಿಸೆಕೆಂಡು ನ್ಯಾನೊ ರೀಸೆಟ್ ಆಗದೆ ನಿಲ್ಲುತ್ತದೆ.

7805ರ ಶಾಖವನ್ನು ಲೆಕ್ಕ ಹಾಕದೆ ಬಿಡಬೇಡಿ. ಆರು ಸೆಗ್ಮೆಂಟ್ ಉರಿದಾಗ ಒಂದೊಂದಕ್ಕೆ 9 ಮಿಲಿಆಂಪ್, ನ್ಯಾನೊಗೆ 20, ಏಣಿಗೆ ಒಂದಿಷ್ಟು, ಒಟ್ಟು 80 ಮಿಲಿಆಂಪ್ ಇಟ್ಟುಕೊಳ್ಳಿ. ಡಯೋಡ್ ದಾಟಿ ಬಂದ 13.7ರಲ್ಲಿ 5 ಕಳೆದರೆ 8.7 ವೋಲ್ಟ್. ಅಂದರೆ 0.7 ವ್ಯಾಟ್ ಬರೀ ಶಾಖ. ಹೀಟ್ ಸಿಂಕ್ ಇಲ್ಲದಿದ್ದರೆ ಚಿಪ್ಪು ಸುತ್ತಲಿನ ಗಾಳಿಗಿಂತ ಸುಮಾರು 45 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಬಿಸಿಲಿಗೆ ನಿಂತ ಕಾರಿನ ಮುಚ್ಚಿದ ಡಬ್ಬಿಯೊಳಗಿನ ಗಾಳಿಯೇ 55 ಡಿಗ್ರಿ ಇದ್ದರೆ ಅಲ್ಲಿಗೆ 100. ಒಂದು ಹೀಟ್ ಸಿಂಕ್ ಹಾಕಿ, ಅಥವಾ ಇಷ್ಟು ಶಾಖವಿಲ್ಲದೆ ವೋಲ್ಟೇಜ್ ಇಳಿಸುವ ಬಕ್ ಕನ್ವರ್ಟರ್ ಬಳಸಿ.

ಇನ್ನು ಅರ್ತ್. ಇಡೀ ಮಾತಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಗೇರ್ ದೀಪದ ತೊಂದರೆ ಎಂದು ಬರುವ ಕಾರುಗಳಲ್ಲಿ ಬಹುಪಾಲು ಅರ್ತಿನ ತೊಂದರೆ. ಕಾಂಟ್ಯಾಕ್ಟ್ ಸ್ವಿಚ್ಚಿನ ಅರ್ತ್ ಎಂಜಿನ್ ಕೇಸಿಂಗ್. ನ್ಯಾನೊವಿನ ಅರ್ತ್ ನೀವು ಎಲ್ಲಿ ಬೋಲ್ಟ್ ಹಾಕಿದಿರೋ ಅಲ್ಲಿ, ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಹತ್ತಿರದ ಚಾಸಿ. ಎರಡೂ ಸೊನ್ನೆ ವೋಲ್ಟ್ ಎಂದು ನಾವು ನಂಬಿರುತ್ತೇವೆ. ಎಂಜಿನ್ನಿಂದ ಬ್ಯಾಟರಿಗೆ ಹೋಗುವ ಅರ್ತ್ ಪಟ್ಟಿಯ ತುದಿಯಲ್ಲಿ ಬಣ್ಣ ಕೆರೆಯದೆ ಬಿಗಿದಿದ್ದಾರೆ, 5 ಮಿಲಿಓಮ್ ತಡೆ ಇದೆ ಎನ್ನಿ. ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಅದು ಕಾಣುವುದೇ ಇಲ್ಲ, ಬೀಪ್ ಎನ್ನುತ್ತದೆ. ಆದರೆ ಸೆಲ್ಫ್ ಮೋಟರ್ 100 ಆಂಪ್ ಎಳೆದ ಗಳಿಗೆಯಲ್ಲಿ ಅದೇ ಜಾಯಿಂಟಿನಲ್ಲಿ ಅರ್ಧ ವೋಲ್ಟ್ ಬೀಳುತ್ತದೆ. ಎಂಜಿನ್ ಕೇಸಿಂಗು ಡ್ಯಾಶ್‌ಬೋರ್ಡಿಗಿಂತ ಅರ್ಧ ವೋಲ್ಟ್ ಮೇಲಕ್ಕೆ ಹೋಗುತ್ತದೆ. ನಮ್ಮ ಏಣಿಯಲ್ಲಿ ಒಂದನೇ ಗೇರಿನ 185 ಆಗ 268 ಆಗುತ್ತದೆ. ಗಡಿ 256. ಕಾರು ಒಂದರಲ್ಲಿದೆ, ಪರದೆ 2 ಎನ್ನುತ್ತದೆ.

ಪರೀಕ್ಷೆ ಹೀಗೆ: ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು ಒಂದು ತುದಿ ಎಂಜಿನ್ ಕೇಸಿಂಗಿಗೆ, ಇನ್ನೊಂದು ನ್ಯಾನೊವಿನ ಅರ್ತ್ ಪಿನ್ನಿಗೆ. ಸೆಲ್ಫ್ ಹೊಡೆಯಿರಿ. 0.2 ವೋಲ್ಟಿಗಿಂತ ಹೆಚ್ಚು ಬರಬಾರದು. ಬಂದರೆ ಮೊದಲು ಅರ್ತ್ ಪಟ್ಟಿಯ ಎರಡೂ ತುದಿ ಬಿಚ್ಚಿ, ಲೋಹ ಹೊಳೆಯುವವರೆಗೆ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿಯಿರಿ. ಆಮೇಲೆ ಡಿಸ್‌ಪ್ಲೇ ಬೋರ್ಡಿನ ಅರ್ತನ್ನು ಚಾಸಿಯಿಂದ ಬಿಡಿಸಿ, ಸೆನ್ಸರ್ ಪಕ್ಕದ ಕೇಸಿಂಗ್ ಬೋಲ್ಟಿಗೇ ಬೇರೆ ವೈರಿನಲ್ಲಿ ತನ್ನಿ. ಆಗ ಎಂಜಿನ್ ಎಷ್ಟೇ ಏರಿಳಿದರೂ ಬೋರ್ಡು ಅದರ ಜೊತೆಗೇ ಏರಿಳಿಯುತ್ತದೆ, ಅಳತೆ ಕೆಡುವುದಿಲ್ಲ. ಒಂದು ಷರತ್ತು: ಬೋರ್ಡಿನ ಡಬ್ಬಿ ಚಾಸಿಗೆ ಎಲ್ಲೂ ತಾಗಬಾರದು. ಅಲ್ಯೂಮಿನಿಯಂ ಡಬ್ಬಿಯನ್ನು ನೇರ ಬೋಲ್ಟ್ ಮಾಡಿದರೆ, ದೊಡ್ಡ ಅರ್ತ್ ಪಟ್ಟಿ ಸಡಿಲವಾದ ದಿನ ಸೆಲ್ಫಿನ 100 ಆಂಪು ನಿಮ್ಮ ಈ ತೆಳು ವೈರಿನಲ್ಲೇ ದಾರಿ ಹುಡುಕುತ್ತದೆ. ಆ ವೈರಿನಲ್ಲಿ ಫ್ಯೂಸ್ ಇರುವುದಿಲ್ಲ, ಸುಟ್ಟು ಹೋಗುತ್ತದೆ. ಪ್ಲಾಸ್ಟಿಕ್ ಡಬ್ಬಿ, ರಬ್ಬರ್ ಬುಷ್ ಬಳಸಿ.

ಸೆಲ್ಫ್ ಹೊಡೆಯಲು ಅನುಮತಿ ಕೊಡುವ ಕೆಲಸವನ್ನು ನ್ಯಾನೊಗೆ ಯಾವತ್ತೂ ಒಪ್ಪಿಸಬೇಡಿ. ಅದು ನ್ಯೂಟ್ರಲ್ ಸ್ವಿಚ್, ಕ್ಲಚ್ ಸ್ವಿಚ್ಚುಗಳ ನೇರ ವೈರಿನದು.

ಈಗ ಆ 30 ಡಿಗ್ರಿ. ಒಂದರಿಂದ ಎರಡಕ್ಕೆ ಹೋಗುವಾಗಲೆಲ್ಲ ಡ್ರಮ್ ನ್ಯೂಟ್ರಲನ್ನು ಹಾದೇ ಹೋಗಬೇಕು. ಓದಿದ್ದನ್ನೆಲ್ಲ ತಕ್ಷಣ ತೋರಿಸಿದರೆ ಹಸಿರು ದೀಪ ಪ್ರತಿ ಸಲವೂ ಮಿಂಚುತ್ತದೆ, ಚಾಲಕನಿಗೆ ಗೇರ್ ಬೀಳಲಿಲ್ಲವೇನೋ ಎಂಬ ಅನುಮಾನ ಬರುತ್ತದೆ. ನ್ಯೂಟ್ರಲ್ 150 ಮಿಲಿಸೆಕೆಂಡು ನಿಂತರೆ ಮಾತ್ರ ತೋರಿಸಿ. ಗೇರ್ ಅಂಕಿಗಾದರೆ 20 ಸಾಕು. ಎರಡು ಗೇರಿನ ನಡುವೆ ಕಾಂಟ್ಯಾಕ್ಟ್ ತೆರೆದಾಗ ಹಳೆಯ ಅಂಕಿಯನ್ನು 200 ಮಿಲಿಸೆಕೆಂಡಿನವರೆಗೆ ಹಿಡಿದಿಡಿ, ಅಷ್ಟರೊಳಗೆ ಹೊಸದು ಬರದಿದ್ದರೆ ಅಡ್ಡಗೆರೆ. ಇದಕ್ಕಿಂತ ಹೆಚ್ಚು ಹೊತ್ತು ಹಳೆಯದನ್ನು ಹಿಡಿದಿಟ್ಟರೆ ಪರದೆ ಸ್ಥಿರವಾಗಿ, ಚೆಂದವಾಗಿ ಕಾಣುತ್ತದೆ ನಿಜ. ಆದರೆ ಗೇರ್ ಅರ್ಧಕ್ಕೆ ನಿಂತಿರುವುದನ್ನು ಚಾಲಕನಿಂದ ಮುಚ್ಚಿಟ್ಟಂತೆ.

ಇಗ್ನಿಷನ್ ಹಾಕಿದ ಕೂಡಲೇ ಒಂದು ಸೆಕೆಂಡು 8 ತೋರಿಸಿ. ಏಳೂ ಸೆಗ್ಮೆಂಟ್ ಬದುಕಿವೆಯೇ ಎಂದು ಅಲ್ಲೇ ತಿಳಿಯುತ್ತದೆ. ಎಡಗಡೆ ಕೆಳಗಿನ ಒಂದೇ ಸೆಗ್ಮೆಂಟ್ ಸತ್ತರೆ 6 ಪೂರ್ತಿ 5ರಂತೆಯೇ ಕಾಣುತ್ತದೆ, ನೋಡಿದವರಿಗೆ ಅನುಮಾನವೇ ಬಾರದು. ಇನ್ನೊಂದು: ಮಾಮೂಲಿ ಕೆಂಪು ಡಿಸ್‌ಪ್ಲೇ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದಿಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಬಯಲಿನಲ್ಲಿ, ಮೇಲೆ ಹೊದಿಕೆಯಿಲ್ಲದ ಕಾರಿನಲ್ಲಿ ಕೂತು ನೋಡಬೇಕಾದದ್ದು ಇದು. ಹೆಚ್ಚು ಪ್ರಕಾಶದ ಡಿಸ್‌ಪ್ಲೇ ಕೇಳಿ ತನ್ನಿ, ಮುಂದೆ ಕಡುಗೆಂಪು ಅಕ್ರಿಲಿಕ್ ತುಂಡು, ಮೇಲೊಂದು ಸೂರು. ಕೆಂಪು ಹಸಿರು ಬೇರೆ ಎಂದು ಎಲ್ಲರ ಕಣ್ಣಿಗೂ ಕಾಣುವುದಿಲ್ಲ, ಹಾಗಾಗಿ ನ್ಯೂಟ್ರಲ್ ದೀಪದ ಬಣ್ಣ ಮಾತ್ರವಲ್ಲ, ಜಾಗವೂ ಬೇರೆ ಇರಲಿ.

ವೈರ್ 0.5 ಚದರ ಮಿಲಿಮೀಟರ್. ಕರೆಂಟಿಗೆ ಅಷ್ಟು ಬೇಕಾಗಿಲ್ಲ, ಅದುರುವಿಕೆಗೆ ಬೇಕು. ವೈರಿನ ನಡುವೆ ಬೆಸುಗೆ ಬೇಡ. ಬೆಸುಗೆ ಇಂಗಿದ ತುಣುಕು ಕಡ್ಡಿಯಂತೆ ಬಿರುಸಾಗಿ, ಅದು ಮುಗಿಯುವ ಅಂಚಿನಲ್ಲೇ ಎಳೆಗಳು ತುಂಡಾಗುತ್ತವೆ. ಸರಿಯಾದ ಕ್ರಿಂಪ್ ಟೂಲಿನಲ್ಲಿ ಒತ್ತಿ, ಸ್ಲೀವ್ ಹಾಕಿ, ಕನೆಕ್ಟರಿನಿಂದ ಎರಡು ಇಂಚಿನೊಳಗೆ ವೈರನ್ನು ಚಾಸಿಗೆ ಕಟ್ಟಿ. ಎಂಜಿನ್ನಿಂದ ಚಾಸಿಗೆ ದಾಟುವ ಜಾಗದಲ್ಲಿ ಸ್ವಲ್ಪ ಸಡಿಲು ಬಿಡಿ. ಪ್ಲಗ್ ವೈರಿನಿಂದ ಒಂದು ಗೇಣು ದೂರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಸೆನ್ಸರೇ ಇಲ್ಲದ ಎಂಜಿನ್ ಆದರೆ ಏನು ಮಾಡುವುದು ಎಂಬ ಪ್ರಶ್ನೆ ಯಾವಾಗಲೂ ಬರುತ್ತದೆ. ಎಂಜಿನ್ ಆರ್‌ಪಿಎಂ ಅನ್ನು ಹಿಂದಿನ ಚಕ್ರದ ವೇಗದಿಂದ ಭಾಗಿಸಿದರೆ ಗೇರ್ ಅನುಪಾತ ಸಿಗುತ್ತದೆ. ಆದರೆ ಕ್ಲಚ್ ಒತ್ತಿದಾಗ, ನಿಂತಾಗ, ಕ್ಲಚ್ ಜಾರಿದಾಗ ಆ ಲೆಕ್ಕಕ್ಕೆ ಬೆಲೆಯಿಲ್ಲ. ಚಾಲಕನಿಗೆ ಅಂಕಿ ಬೇಕಾಗುವುದು ಆ ಹೊತ್ತುಗಳಲ್ಲೇ. ಬೇರೆ ದಾರಿಯೇ ಇಲ್ಲದಿದ್ದರೆ ಮಾಡಿ, ಕ್ಲಚ್ ಒತ್ತಿದಾಗ ಅಡ್ಡಗೆರೆ ಬರುವಂತೆ ಕ್ಲಚ್ ಸ್ವಿಚ್ ಸೇರಿಸಿ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕೂರಿಸಿದ ಕಾರಿಗೂ ಇದೇ ಮಾತು. ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್ ದೀಪಗಳ ಸ್ವಿಚ್ಚನ್ನು ಕ್ಯಾಬಿನ್ನಿನ ಲಿವರಿಗೆ ಕಟ್ಟಬೇಡಿ. ಕೇಬಲ್ ಸಡಿಲವಾದರೆ ಲಿವರ್ ಪಾರ್ಕ್‌ನಲ್ಲಿರುತ್ತದೆ, ಗೇರ್‌ಬಾಕ್ಸ್ ರಿವರ್ಸ್‌ನಲ್ಲಿರುತ್ತದೆ. ಗೇರ್‌ಬಾಕ್ಸಿನ ಹೊರಗಿನ ಶಾಫ್ಟಿನ ಮೇಲೆ ಕೂರುವ ರೇಂಜ್ ಸ್ವಿಚ್ಚಿನಿಂದಲೇ ವೈರ್ ತನ್ನಿ. ಹಿಂದಿನ 21 ವ್ಯಾಟಿನ ಎರಡು ರಿವರ್ಸ್ ಬಲ್ಬು ಮೂರೂವರೆ ಆಂಪ್ ಎಳೆಯುತ್ತವೆ, ಅವಕ್ಕೆ ರಿಲೇ ಹಾಕಿ. ರಿಲೇ ಕಾಯಿಲಿಗೆ ಅಡ್ಡಲಾಗಿ ಒಂದು 1ಎನ್4007, ಪಟ್ಟಿ ಪಾಸಿಟಿವ್ ಕಡೆಗೆ. ಅದಿಲ್ಲದಿದ್ದರೆ ರಿಲೇ ಬಿಡುವಾಗಿನ ಹೊಡೆತಕ್ಕೆ ಪಕ್ಕದ ಎಲ್‌ಇಡಿಗಳು ಒಂದೊಂದಾಗಿ ಸಾಯುತ್ತವೆ. ರಸ್ತೆಗೆ ಇಳಿಸುವ ಕಾರಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಮನದಲ್ಲಿರಲಿ. ಎಂಜಿನ್ ಬದಲಿಸುವಂಥ ಮಾರ್ಪಾಡುಗಳಿಗೆ ಆರ್‌ಟಿಒ ಒಪ್ಪಿಗೆ ಇಲ್ಲದೆ ಕೈ ಹಾಕುವಂತಿಲ್ಲ.

ಕಾರನ್ನು ಟ್ರ್ಯಾಕಿಗೆ ಬಿಡುವ ಮುಂಚೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎಂಜಿನ್ ಬಿಸಿಯಾಗುವವರೆಗೆ ಓಡಿಸಿ, ಫ್ಯಾನ್ ಶುರುವಾಗಲಿ. ಒಂದರಿಂದ ಆರಕ್ಕೆ ಹೋಗಿ, ಮತ್ತೆ ಇಳಿದು ಬನ್ನಿ. ಪ್ರತಿ ಗೇರಿನಲ್ಲೂ ನ್ಯಾನೊ ಓದುತ್ತಿರುವ ಸಂಖ್ಯೆಯನ್ನು ಬರೆದುಕೊಳ್ಳಿ. ಲೆಕ್ಕದ ಸಂಖ್ಯೆಗಿಂತ 15ಕ್ಕಿಂತ ಹೆಚ್ಚು ಸರಿದಿದ್ದರೆ ಗಡಿ ತಿದ್ದಲು ಹೋಗದೆ ಅರ್ತನ್ನೂ ಕಾಂಟ್ಯಾಕ್ಟನ್ನೂ ನೋಡಿ. ಕಾಲು ಭಾಗದ ಏಣಿ ಹಾಕಿದವರು ತಮ್ಮ ಬೆಲೆಗಳಿಗೆ ಲೆಕ್ಕ ಹಾಕಿದ 176, 315, 460, 605, 733, 868ರ ಜೊತೆ ಹೋಲಿಸಿ. ಆಮೇಲೆ ಎಂಜಿನ್ ನಿಲ್ಲಿಸಿ ಮೂರನೇ ಗೇರಿನಲ್ಲಿಟ್ಟು, ಸೆನ್ಸರಿನ ಕನೆಕ್ಟರನ್ನು ಎಳೆದು ಬಿಡಿ: ಅಡ್ಡಗೆರೆ ಬರಬೇಕು. ಮತ್ತೆ ಸಿಕ್ಕಿಸಿ, ಏಣಿಯಿಂದ ಡ್ಯಾಶ್‌ಬೋರ್ಡಿಗೆ ಬರುವ ವೈರನ್ನು ಒಂದು ಗಳಿಗೆ ಎಂಜಿನ್ ಕೇಸಿಂಗಿಗೆ ತಾಗಿಸಿ: ಆಗಲೂ ಅಡ್ಡಗೆರೆಯೇ ಬರಬೇಕು. ಬಂದ ಸಂಖ್ಯೆಗಳ ಚೀಟಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಿ. ಮುಂದಿನ ಸಲ ಅಂಕಿ ತಪ್ಪಿದಾಗ ಮುಚ್ಚಳ ತೆಗೆದವರಿಗೆ ಯಾವ ಗೇರು ಎಷ್ಟು ಸರಿದಿದೆ ಎಂದು ಅಲ್ಲೇ ಸಿಗುತ್ತದೆ.